ಬೆಲ್ಲದ ಬಣ್ಣದ ಕಾರು

ನಮ್ಮ ಕಸುಬಿನಲ್ಲಿ ಬಣ್ಣ ನೋಡುವುದಕ್ಕೆ ಒಂದು ಶಿಸ್ತಿದೆ. ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು, ನೇರ ಬಿಸಿಲಿಗೆ ಹಿಡಿದೂ ನೋಡಬಾರದು. ಬೆಳಗಿನ ಹೊತ್ತು, ಕಿಟಕಿಯ ಪಕ್ಕ ನಿಂತು, ಒಮ್ಮೆ ನೋಡಿ ತಕ್ಷಣ ಕಣ್ಣು ತೆಗೆಯಬೇಕು. ದಿಟ್ಟಿಸುತ್ತಾ ಕೂತರೆ ಕಣ್ಣೇ ಸೋತು, ಎಲ್ಲ ಹಲ್ಲೂ ಒಂದೇ ಬಣ್ಣ ಅನ್ನತೊಡಗುತ್ತದೆ. ಮಂಡ್ಯದ ಗುತ್ತಲಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಹಲ್ಲಿನ ಸೆಟ್ಟು, ಕ್ಯಾಪು ಮಾಡಿ ಕಳಿಸುತ್ತೇನೆ. ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆಯನ್ನು ನಮ್ಮ ಕಸುಬಿನವರೇ ಯಾರೋ ಕಟ್ಟಿರಬೇಕು. ನಾನು ಮಾಡಿದ ಹಲ್ಲು ಪಕ್ಕದ ಹಲ್ಲಿಗೆ ಹೊಂದಲಿಲ್ಲವೆಂದು ವಾಪಸು ಬಂದದ್ದು ಬಹಳ ಕಡಿಮೆ. ಈ ವಿಷಯದಲ್ಲಿ ನನಗೆ ಒಂದಿಷ್ಟು ಕೊಬ್ಬಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲ್ಯಾಬಿನಲ್ಲಿ ಮಿಕ್ಕ ಮೇಣ, ಪ್ಲಾಸ್ಟರು, ತಂತಿಯ ತುಂಡುಗಳಲ್ಲಿ ಗಾಡಿಗಳ ಮಾದರಿ ಮಾಡುವುದು ನನ್ನ ಹಳೆಯ ಹುಚ್ಚು. ಕಬ್ಬು ಹೇರಿದ ಎತ್ತಿನ ಗಾಡಿ, ಟ್ರ್ಯಾಕ್ಟರು, ಕೆಂಪು ಬಸ್ಸು ಇಂಥವು. ಒಂದು ಬಸ್ಸನ್ನು ಮದ್ದೂರಿನ ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದೆ. ಅವರು ಅದನ್ನು ರೋಗಿಗಳು ಕಾಯುವ ಜಾಗದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಸುಗ್ಗಿ ಮುಗಿದ ಹೊತ್ತಿಗೆ ಅವರ ಫೋನು ಬಂತು. ಮಳವಳ್ಳಿಯಿಂದ ರಿಟೈರಾದ ಟೀಚರೊಬ್ಬರು ಪೂರಾ ಸೆಟ್ಟು ಕಟ್ಟಿಸಲು ಬಂದಿದ್ದಾರೆ, ಹಲ್ಲಿನ ಮಾತೇ ಆಡುತ್ತಿಲ್ಲ, ಬಸ್ಸು ಮಾಡಿದವನನ್ನು ಕರೆಸಿ ಎಂದು ಕೂತಿದ್ದಾರೆ, ಒಮ್ಮೆ ಬಂದು ಹೋಗು ಎಂದರು.

ಹೋದೆ. ಕುಳ್ಳನೆಯ ಮುದುಕಿ. ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದರು.

“ಬಸ್ ಮಾಡ್ದೋನು ನೀನೇನಪ್ಪ?”

“ಹೌದು ಟೀಚರಮ್ಮ.”

“ಹಲ್ಲು ನಿಧಾನಕ್ಕೆ ಕಟ್ಟು, ಅವಸರ ಇಲ್ಲ. ಮೊದ್ಲು ಇದ್ನ ನೋಡು.”

ಬ್ಯಾಗಿನಿಂದ ಒಂದು ಕಪ್ಪು-ಬಿಳುಪು ಫೋಟೋ ತೆಗೆದರು. ಮೇಲುಹೊದಿಕೆ ಇಲ್ಲದ, ಗಾಢ ಮೈಯ ಎರಡು ಸೀಟಿನ ಕಾರು. ಉದ್ದ ಮೂತಿ, ಕಡ್ಡಿ ಚಕ್ರ, ಮುಂದೆ ನೆಟ್ಟಗೆ ನಿಂತ ಪಟ್ಟಿಗಳ ಜಾಲರಿ. ಐವತ್ತರ ದಶಕದಲ್ಲಿ ಇಂಗ್ಲೆಂಡಿನವರು ಮಾಡುತ್ತಿದ್ದ ಸ್ಪೋರ್ಟ್ಸ್ ಕಾರು ಎಂದು ನೋಡಿದೊಡನೆ ಗೊತ್ತಾಯಿತು. ಸ್ಟೀರಿಂಗ್ ಹಿಂದೆ ಬಾಗಿಲ ಮೇಲೆ ತೋಳಿಟ್ಟು ಕೂತಿದ್ದ ಯುವಕ ಅವರ ಅಣ್ಣ. ಕಾರಿನ ಪಕ್ಕ ಕೊಡೆ ಹಿಡಿದು ನಿಂತಿದ್ದ ಕುಳ್ಳ ಹುಡುಗಿ ಇವರು.

ಕಂಟ್ರಾಕ್ಟರಾಗಿದ್ದ ಇವರ ತಂದೆ ಸ್ವದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಪರದೇಶದ ಎಂಜಿನಿಯರನಿಂದ ಆ ಕಾರನ್ನು ಕೊಂಡಿದ್ದರಂತೆ. ಅಣ್ಣ ಓದಲು ಮೈಸೂರಿನ ಹಾಸ್ಟೆಲಿಗೆ ಹೋದ. ಕಾರು ಮನೆಯಲ್ಲಿ ನಿಂತಿತು. ಇವರಿಗೆ ಮದ್ದೂರಿನ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸವಾಯಿತು, ಬಸ್ಸು ಸರಿಯಿರಲಿಲ್ಲ. ಹಟ ಹಿಡಿದು ಕಾರು ಕಲಿತರು. ಅಪ್ಪ ಅದನ್ನು ಮಾರುವವರೆಗೂ ಇವರೇ ಓಡಿಸಿದರು. ಆದರೆ ಉಳಿದದ್ದು ಇದೊಂದೇ ಫೋಟೋ, ಇದರಲ್ಲಿ ಸ್ಟೀರಿಂಗ್ ಹಿಡಿದಿರುವವನು ಅಣ್ಣ.

“ಅಣ್ಣ, ‘ಅವ್ಳು ನನ್ನ ಪಕ್ಕದಲ್ಲಿ ಕೂತ್ಕೊತಿದ್ಲು’ ಅಂತ ಮನೆ ಮಕ್ಳಿಗೆಲ್ಲ ಯೋಳವ್ನೆ ಕಣಪ್ಪ. ನಾನ್ ಓಡುಸ್ತಿದ್ದೆ ಅಂದ್ರೆ ಮೊಮ್ಮಕ್ಕಳು ನಗ್ತವೆ. ನನ್ ವಯಸ್ನೋರು ಇದ್ರೆ ತಾನೆ ಸಾಕ್ಷಿ ಯೋಳೋಕೆ? ಎಲ್ಲ ಸತ್ತೋದ್ರು.”

“ಈಗ ನಾನೇನು ಮಾಡಬೇಕು?”

“ಆ ಕಾರು ಮಾಡ್ಕೊಡು. ಫೋಟೋದಲ್ಲಿ ಕಾಣ್ದೇ ಇರೋದು ಅದ್ರಲ್ಲಿರ್ಬೇಕು. ನನ್ ಕಾಲು ಎಟುಕ್ತಿರ್ಲಿಲ್ಲ. ಒಂದಿನ ಬೆಳಿಗ್ಗೆ ನೋಡ್ತೀನಿ, ಕ್ಲಚ್ಚಿನ ಮೇಲೆ ಒಂದ್ ಮರದ್ ತುಂಡು ಕಟ್ಟಿತ್ತು, ತಂತಿ ಸುತ್ತಿ. ಅಪ್ಪ ಕಟ್ಟಿಸಿದ್ರು ಅಂತ ಕಾಣುತ್ತೆ. ಅದೊಂದು ಮರೀಬೇಡ. ಉಗಾದಿಗೆ ನಾವೆಲ್ಲ ಮದ್ದೂರಲ್ಲಿ ಅಣ್ಣನ ಮನೇಲಿ ಸೇರ್ತೀವಿ. ಅವ್ನ ಮುಂದೆ ಮಡುಗ್ಬೇಕು.”

ಮುದುಕ-ಮುದುಕಿಯರ ಜಗಳದ ಮಧ್ಯೆ ನಾನೆಲ್ಲಿ ಸಿಕ್ಕಿಕೊಂಡೆ ಅನ್ನಿಸಿತು. ಆದರೆ ಆ ಜಾಲರಿಯನ್ನು ನೋಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಹಲ್ಲು ಕಿರಿದ ಮುಖ ಅದು. ಅದನ್ನು ಕಟ್ಟಲು ನನಗಿಂತ ತಕ್ಕವನು ಜಿಲ್ಲೆಯಲ್ಲಿ ಇನ್ನಾರಿದ್ದಾನೆ ಎಂದುಕೊಂಡು ಒಪ್ಪಿ, ಫೋಟೋವನ್ನು ಲ್ಯಾಬಿಗೆ ತಂದೆ.

ಒಂದು ಅಡಿಗೆ ಒಂದು ಅಂಗುಲ ಎಂದು ಅಳತೆ ಇಟ್ಟುಕೊಂಡೆ. ಆ ಕಾರಿನ ಹಳೆಯ ನಕ್ಷೆಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕವು. ಜೆರಾಕ್ಸ್ ಅಂಗಡಿಯವನು ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಮೂರನ್ನೂ ಹಾಳೆಗೆ ಹೊಂದಿಸಿ ಪ್ರಿಂಟ್ ತೆಗೆದ. ಹೊಂದಿಸುವ ಭರದಲ್ಲಿ ಮೂರೂ ಮೂರು ಅಳತೆಯಾಗಿದ್ದವು. ರಟ್ಟು ಕತ್ತರಿಸಿ ಹಲಗೆಯ ಮೇಲೆ ನಿಲ್ಲಿಸಿದಾಗ ಕಾರಿನ ಮೂತಿ ಮೈಗಿಂತ ಅಗಲವಾಗಿ ಕಂಡಿತು. ಅವನನ್ನು ಬೈದು ಮತ್ತೆ ತೆಗೆಸಿದೆ.

ಕಾರನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಕೊಯ್ದರೆ ಒಂದೊಂದು ಹೋಳಿನ ಅಂಚು ಹೇಗಿರುತ್ತದೋ ಆ ಆಕಾರಕ್ಕೆ ರಟ್ಟುಗಳನ್ನು ಕತ್ತರಿಸಿ, ಸಾಲಾಗಿ ನಿಲ್ಲಿಸಿ, ನಡುವೆ ಪ್ಲಾಸ್ಟರು ತುಂಬಿದೆ. ಬಾಯಿಯ ಅಚ್ಚಿಗೆ ಹೊಯ್ಯುವ ಹಳದಿ ಪ್ಲಾಸ್ಟರು ಕಲ್ಲಿನಂತೆ ಗಟ್ಟಿ. ಅದನ್ನು ರಟ್ಟಿನ ಅಂಚು ಕಾಣುವವರೆಗೆ ಕೆರೆದೆ. ಮುಂದಿನ ಚಕ್ರದ ಮೇಲಿಂದ ಏಳುವ ಉಬ್ಬು ಬಾಗಿಲ ಹತ್ತಿರ ಇಳಿದು ಹಿಂದಿನ ಚಕ್ರದ ಮೇಲೆ ಮತ್ತೆ ಏಳುತ್ತದೆ. ಎಲ್ಲಿ ಇಳಿಯುತ್ತದೆ ಎಂದು ಕಣ್ಣಿಗೆ ಗೊತ್ತಾಗಲಿಲ್ಲ. ಕೈ ಒದ್ದೆ ಮಾಡಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಸವರಿದೆ. ಎಡಕ್ಕೂ ಬಲಕ್ಕೂ ಒಂದು ಕೂದಲೆಳೆ ವ್ಯತ್ಯಾಸವಿದ್ದರೂ ಬೆರಳು ಹೇಳುತ್ತದೆ. ಹಲ್ಲಿನ ಮೇಲೆ ಉಳಿದ ಕಾಳನ್ನು ನಾಲಗೆ ಹೇಳುವುದಿಲ್ಲವೇ, ಹಾಗೆ.

ಪ್ಲಾಸ್ಟರಿನ ಮೇಲೆ ಅಕ್ರಿಲಿಕ್ಕಿನ ಚಿಪ್ಪು ಕಟ್ಟುವುದು ಮುಂದಿನ ಹಂತ. ವಸಡಿನ ಪ್ಲೇಟು ಮಾಡುವಾಗ ಪುಡಿ ಉದುರಿಸಿ, ಮೇಲೆ ದ್ರವದ ಹನಿ ಬಿಟ್ಟು, ಮತ್ತೆ ಪುಡಿ ಉದುರಿಸುತ್ತೇವೆ. ಅದು ತಾನೇ ಕಾದು ಗಟ್ಟಿಯಾಗುತ್ತದೆ. ಅಂಗೈಯಗಲದ ಪ್ಲೇಟಿಗೆ ಸರಿ. ಅಡಿಯುದ್ದದ ಕಾರಿಗೂ ಅದೇ ಲೆಕ್ಕ ಎಂದುಕೊಂಡು ಒಂದೇ ಸಲ ಇಡೀ ಮೈಗೆ ಉದುರಿಸಿದೆ. ಗಟ್ಟಿಯಾಗುವಾಗ ಅಕ್ರಿಲಿಕ್ ಕುಗ್ಗುತ್ತದೆ, ದಪ್ಪ ಇದ್ದಲ್ಲಿ ಹೆಚ್ಚು ಕುಗ್ಗುತ್ತದೆ. ಬಿಡಿಸಿ ಗಾಜಿನ ಮೇಲೆ ಇಟ್ಟರೆ ಮುಂದಿನ ಎಡಮೂಲೆ ಗಾಳಿಯಲ್ಲಿ ನಿಂತಿತು, ಕಾಲೆತ್ತಿದ ನಾಯಿಯ ಹಾಗೆ. ಬಿಸಿನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿದೆ. ಆ ಮೂಲೆ ಕೂತಿತು, ಇನ್ನೊಂದು ಮೂಲೆ ಎದ್ದಿತು. ಎತ್ತಿ ಕಸಕ್ಕೆ ಹಾಕಿದೆ.

ಎರಡನೇ ಚಿಪ್ಪನ್ನು ಸಣ್ಣ ಸಣ್ಣ ತೇಪೆಯಾಗಿ ಕಟ್ಟಿದೆ. ಒಂದು ತೇಪೆ ಪೂರ್ತಿ ಆರಿದ ಮೇಲೆ ಅದರ ಪಕ್ಕಕ್ಕೆ ಇನ್ನೊಂದು. ಪ್ಲಾಸ್ಟರಿಗೆ ಆಗಾಗ ನೀರು ಚಿಮುಕಿಸಿ ತಂಪಾಗಿಟ್ಟೆ. ಮುಗಿದ ಮೇಲೂ ಬಿಡಿಸಲು ಆತುರಪಡದೆ ಅಚ್ಚಿನ ಮೇಲೆಯೇ ಬಹಳ ದಿನ ಬಿಟ್ಟೆ. ಕೊನೆಗೆ ಒಳಗಿನ ಪ್ಲಾಸ್ಟರನ್ನು ಉಳಿಯಲ್ಲಿ ಚೂರು ಚೂರಾಗಿ ಒಡೆದು ತೆಗೆದೆ. ಚಿಪ್ಪು ಗಾಜಿನ ಮೇಲೆ ನೆಟ್ಟಗೆ ಕೂತಿತು. ಅಚ್ಚು ಹೋಯಿತು. ಆಗ ಅದಕ್ಕೇನೂ ಬೇಜಾರಾಗಲಿಲ್ಲ.

ಜಾಲರಿಯನ್ನು ಲೋಹದಲ್ಲೇ ಎರೆದೆ. ತೆಗೆದು ಹಾಕುವ ಹಲ್ಲಿನ ಸೆಟ್ಟಿಗೆ ಲೋಹದ ಚೌಕಟ್ಟು ಎರೆಯುತ್ತೇವಲ್ಲ, ಅದೇ ಕ್ರಮ. ಮೇಣದಲ್ಲಿ ಪಟ್ಟಿಗಳನ್ನು ಜೋಡಿಸಿ, ಅದರ ಸುತ್ತ ಬೆಂಕಿ ತಡೆಯುವ ಮಣ್ಣು ಹೊಯ್ದು, ಮೇಣವನ್ನು ಸುಟ್ಟು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ನುಗ್ಗಿಸುವುದು. ಮೊದಲ ಸಲ ಲೋಹ ಕೊನೆಯವರೆಗೆ ಹರಿಯದೆ ಸರಿಯಾಗಿ ನಡುವಿನ ಎರಡು ಪಟ್ಟಿಗಳೇ ಇರಲಿಲ್ಲ. ಮುಂದಿನ ಹಲ್ಲು ಬಿದ್ದ ಯಜಮಾನನಂತೆ ಕಾಣುತ್ತಿತ್ತು. ನನ್ನ ಹೆಂಡತಿ ನೋಡಿ, “ಇದ್ಕೂ ಒಂದ್ ಸೆಟ್ ಕಟ್ಬುಡಿ” ಅಂದಳು. ಎರಡನೇ ಸಲ ಸರಿಯಾಯಿತು. ಚಕ್ರದ ಕಡ್ಡಿಗಳಿಗೆ ವಕ್ರದಂತ ಎಳೆಯುವ ತಂತಿ, ಮುಂದಿನ ಗಾಜಿಗೆ ರಾತ್ರಿ ಹಲ್ಲು ಕಡಿಯುವವರಿಗೆ ಕವಚ ಮಾಡುವ ತೆಳು ಪ್ಲಾಸ್ಟಿಕ್ ಹಾಳೆ. ಚಾಲಕನ ಕಡೆಯ ಬಾಗಿಲು ತೆರೆಯುವಂತೆ ಮಾಡಿದೆ. ಒಳಗೆ ಮೂರು ಪೆಡಲು. ಕ್ಲಚ್ಚಿನ ಮೇಲೆ ಪೆನ್ಸಿಲಿನ ಮರದಿಂದ ಕೆತ್ತಿದ ತುಂಡು, ಅಕ್ಕಿಕಾಳಿನಷ್ಟು ದಪ್ಪ. ಅದಕ್ಕೆ ಸಿಕ್ಕಿದ್ದರಲ್ಲೇ ಸಣ್ಣ ತಂತಿ ಸುತ್ತಿದೆ.

ಬಣ್ಣ ಕೇಳಲು ಟೀಚರಮ್ಮನಿಗೆ ಫೋನು ಮಾಡಿದೆ.

“ಬೆಲ್ಲದ ಬಣ್ಣ,” ಅಂದರು. “ಅಣ್ಣ ಕೆಂಪು ಕೆಂಪು ಅಂತಾನೆ. ಕೆಂಪಲ್ಲ. ಬೆಲ್ಲ.”

ಇದಕ್ಕಿಂತ ಸ್ಪಷ್ಟವಾಗಿ ಇನ್ಯಾರು ಹೇಳುತ್ತಾರೆ? ಮಂಡ್ಯದವನಿಗೆ ಬೆಲ್ಲದ ಬಣ್ಣ ಗೊತ್ತಿಲ್ಲವೇ? ಅಂಗಡಿಯಿಂದ ಒಂದು ಅಚ್ಚು ಬೆಲ್ಲ ತಂದು, ಬೆಳಗಿನ ಕಿಟಕಿಯ ಪಕ್ಕ ಇಟ್ಟು, ಶಾಸ್ತ್ರೋಕ್ತವಾಗಿ ನೋಡಿದೆ. ಬಂಗಾರದ ಹಳದಿ, ಅಂಚಿನಲ್ಲಿ ಒಂದಿಷ್ಟು ಕಿತ್ತಳೆಯ ಛಾಯೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಗೆಜ್ಜಲಗೆರೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಹೋದೆ. ಪೇಂಟರು ಬೆಲ್ಲವನ್ನೂ ನನ್ನನ್ನೂ ನೋಡಿದ.

“ಅಣ್ಣ, ಈ ಬಣ್ಣದ್ ಗಾಡಿ ನಾನಂತೂ ಕಂಡಿಲ್ಲ ಕಣಣ್ಣ.”

“ನೀನು ಹುಟ್ಟೋಕೆ ಮುಂಚಿನದು,” ಎಂದೆ.

ಅವನು ಬೆರೆಸಿದ, ನಾನು ತಿದ್ದಿಸಿದೆ. ಮತ್ತೆ ಬೆರೆಸಿದ, ಮತ್ತೆ ತಿದ್ದಿಸಿದೆ. ಪ್ರೈಮರ್ ಮೇಲೆ ತೆಳುವಾಗಿ ಹಲವು ಪದರ ಬಣ್ಣ, ಅದರ ಮೇಲೆ ಹೊಳಪಿನ ಪದರ. ಒಣಗಿದ ಮೇಲೆ ಬೆಲ್ಲದ ಚೂರೊಂದನ್ನು ಕಾರಿನ ಮೂತಿಯ ಮೇಲೆ ಇಟ್ಟೆ. ಬೆಲ್ಲ ಯಾವುದು, ಕಾರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆವತ್ತು ನನಗೆ ಆದ ಸಂತೋಷಕ್ಕೆ ಎಣೆಯಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಕಾರನ್ನು ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಮಳವಳ್ಳಿಗೆ ಹೋದೆ. ಟೀಚರಮ್ಮ ಮಗಳ ಜೊತೆ ಇದ್ದರು. ಈ ನಡುವೆ ನಾನು ಕಟ್ಟಿಕೊಟ್ಟಿದ್ದ ಹೊಸ ಸೆಟ್ಟು ಹಾಕಿಕೊಂಡಿದ್ದರು, ಚೆನ್ನಾಗಿ ಕೂತಿತ್ತು. ಪೆಟ್ಟಿಗೆ ತೆರೆದೆ. ಅವರು ಮೊದಲು ಜಾಲರಿ ಮುಟ್ಟಿದರು, ಆಮೇಲೆ ಬಾಗಿಲು ತೆರೆದು ಒಳಗೆ ಕಣ್ಣಿಟ್ಟು ಮರದ ತುಂಡನ್ನು ನೋಡಿದರು, ನಕ್ಕರು. ಬಾಗಿಲು ಮುಚ್ಚಿ ಕಾರನ್ನು ದೂರ ಹಿಡಿದು ನೋಡಿದಾಗ ಆ ನಗು ನಿಂತಿತು.

“ಬೆಲ್ಲದ ಬಣ್ಣ ಅಂದಿದ್ನಲ್ಲಪ್ಪ.”

“ಅದೇ ಟೀಚರಮ್ಮ. ಬೆಲ್ಲ ಪಕ್ಕದಲ್ಲಿ ಇಟ್ಕೊಂಡೇ ಹೊಂದಿಸಿದ್ದು. ಎಳ್ಳಷ್ಟೂ ವ್ಯತ್ಯಾಸ ಇಲ್ಲ.”

ನಾನು ಅಷ್ಟು ಖಚಿತವಾಗಿ ಹೇಳಿದ್ದರಿಂದ ಅವರು ಮತ್ತೆ ನೋಡಿದರು. “ಅಂಗಾದ್ರೆ ಇದೇ ಇರ್ಬೇಕು,” ಅಂದರು. ಧ್ವನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಅವರ ಮಗಳು ಫೋಟೋ ತೆಗೆದು ಮದ್ದೂರಿನ ಸೋದರಮಾವನಿಗೆ ಕಳಿಸಿಯೇಬಿಟ್ಟಿದ್ದಳು. ಹಬ್ಬದವರೆಗೆ ಬಚ್ಚಿಡಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಫೋನು ಬಂತು. ಅಣ್ಣನ ಧ್ವನಿ ಸ್ಪೀಕರು ಹಾಕದೆಯೇ ಹಜಾರಕ್ಕೆಲ್ಲ ಕೇಳುವಂತಿತ್ತು.

“ಲೇ, ಇದ್ಯಾವ್ ಕಾರೇ? ನಿಂಬೆಹಣ್ಣು ಇದ್ದಂಗದಲ್ಲೇ! ನಮ್ದು ಕೆಂಪು ಕಣೇ, ಕೆಂಪು. ಗಾಡಿ ಬಣ್ಣನೇ ಗ್ಯಾಪಕ ಇಲ್ದೋಳು ಗಾಡಿ ಓಡುಸುದ್ಲಂತೆ!” ನಗುತ್ತಲೇ ಇಟ್ಟುಬಿಟ್ಟರು.

ಟೀಚರಮ್ಮ ಜಗಳ ಆಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. ಫೋನನ್ನು ಮಗಳ ಕೈಗೆ ಕೊಟ್ಟು, ಸೆರಗಿನಿಂದ ಕಾರಿನ ಮೇಲಿನ ಇಲ್ಲದ ಧೂಳು ಒರೆಸಿದರು.

“ನನ್ ತಲೇನೇ ನೆಟ್ಟಗಿಲ್ಲ ಅನ್ಸುತ್ತೆ ಕಣಪ್ಪ. ಓಡುಸುದ್ನೋ, ಓಡುಸ್ದಂಗೆ ಅಂದ್ಕಂಡ್ನೋ.”

ನನಗೆ ಕಸಿವಿಸಿಯಾಯಿತು. ಎಲ್ಲಿ ತಪ್ಪಿದೆ ಎಂದು ಗೊತ್ತಿರಲಿಲ್ಲ. ಬೆಲ್ಲ ಸುಳ್ಳು ಹೇಳುವುದಿಲ್ಲವಲ್ಲ. ಬಾಗಿಲ ಕೀಲು ಒಂದಿಷ್ಟು ಬಿಗಿ, ಸರಿಮಾಡಿ ಹಬ್ಬಕ್ಕೆ ತರುತ್ತೇನೆ ಎಂದು ನೆಪ ಹೇಳಿ ಕಾರನ್ನು ವಾಪಸು ತಂದೆ.

ಗುಟ್ಟು ಒಡೆದದ್ದು ನಮ್ಮ ಅಡಿಗೆಮನೆಯಲ್ಲಿ. ಹಬ್ಬಕ್ಕೆ ಇನ್ನೂ ದಿನವಿತ್ತು. ಬಣ್ಣಕ್ಕೆಂದು ತಂದು ಮಿಕ್ಕಿದ್ದ ಬೆಲ್ಲವನ್ನು ಒಬ್ಬಟ್ಟಿಗೆ ಇಟ್ಟುಕೋ ಎಂದು ಹೆಂಡತಿಗೆ ಕೊಟ್ಟೆ. ಅವಳು ಮೂಸಿ ನೋಡಿ ವಾಪಸು ತಳ್ಳಿದಳು.

“ಈ ಔಷ್ದಿ ಬೆಲ್ಲದಲ್ಲಿ ಒಬ್ಬಟ್ಟು ಯಾರ್ ತಿಂತಾರೆ? ನಮ್ಮವ್ವನ ಮನೇಲಿ ಬೆಲ್ಲ ಅಂದ್ರೆ ಕೆಂದ ಹಸ ಇದ್ದಂಗಿರ್ತಿತ್ತು. ಈಗ ನೋಡಿ, ಬಿಳಚ್ಕೊಂಡು ಕಾಯ್ಲೆ ಬಂದಂಗದೆ.”

ನಾನು ಬೆಲ್ಲ ಹಿಡಿದುಕೊಂಡೇ ನಿಂತೆ. ಕೆಂದ ಹಸು. ಚಿಕ್ಕಂದಿನಲ್ಲಿ ನಾನೂ ತಿಂದಿದ್ದೆ ಆ ಬೆಲ್ಲವನ್ನು, ಅಂಗೈಗೆ ಅಂಟುವ ಕೆಂಗಂದು ಉಂಡೆ. ಅಂಗಡಿಯ ಹಳದಿಯನ್ನು ನೋಡಿ ನೋಡಿ ಕಣ್ಣು ಸೋತಿತ್ತು. ಬೆಲ್ಲ ಎಂದರೆ ಇದೇ ಎಂದು ಒಪ್ಪಿಕೊಂಡುಬಿಟ್ಟಿತ್ತು. ಟೀಚರಮ್ಮ ಹೇಳಿದ ಬೆಲ್ಲ ಅವರ ಕಾಲದ್ದು. ನಾನು ಹೊಂದಿಸಿದ್ದು ನನ್ನ ಕಾಲದ್ದು. ಅಣ್ಣ ಹೇಳಿದ ಕೆಂಪೂ ಕೆಂಪು ಬಸ್ಸಿನ ಕೆಂಪಲ್ಲ. ನಮ್ಮ ಕಡೆ ಕೆಂಪು ಎಂದರೆ ಹೊಲದ ಮಣ್ಣೂ ಕೆಂಪು, ಹಸುವೂ ಕೆಂಪು. ಅಣ್ಣ ತಂಗಿ ಇಬ್ಬರೂ ಒಂದೇ ಬಣ್ಣವನ್ನು ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಮದ್ದೂರಿನ ದಾರಿಯಲ್ಲಿ ಒಂದು ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಲ್ಲ ಬೇಕು ಎಂದೆ.

“ಯಾವ್ದು ಬೇಕು, ನೋಡಕಾ ತಿನ್ನಕಾ?” ಎಂದ ಆಲೆಮನೆಯವನು.

“ಎರಡಕ್ಕೂ ವ್ಯತ್ಯಾಸ ಏನು?”

“ನೋಡಕಾದ್ರೆ ಪುಡಿ ಆಕ್ತೀವಿ, ಬೆಳ್ಳಗಾಯ್ತದೆ. ಮಾರ್ಕೆಟ್ಟೋರು ಬೆಳ್ಳಗಿಲ್ದೆ ಇದ್ರೆ ಮುಟ್ಟಾಕಿಲ್ಲ. ತಿನ್ನಕಾದ್ರೆ ನಮ್ಮನೇಗೆ ಅಂತ ಒಂದ್ ಪಾಕ ಇಳುಸ್ಕಂಡಿದ್ದೀವಿ, ಬರೀ ಸುಣ್ಣ, ಬೆಂಡೆ ಗಿಡದ್ ಲೋಳೆ. ಕಪ್ಪಗದೆ, ಆಯ್ತದಾ?”

ಕಪ್ಪಗಿರಲಿಲ್ಲ. ನೆರಳಲ್ಲಿ ಕಂದು, ಬೆಳಕಿಗೆ ಹಿಡಿದರೆ ಒಳಗಿಂದ ಕೆಂಪು. ಆ ಫೋಟೋದಲ್ಲಿ ಕಾರಿನ ಮೈ ಯಾಕೆ ಅಷ್ಟು ಗಾಢವಾಗಿತ್ತು ಎಂದು ಆಗ ಹೊಳೆಯಿತು. ಹಳದಿ ಕಾರಾಗಿದ್ದರೆ ಕಪ್ಪು-ಬಿಳುಪು ಫೋಟೋದಲ್ಲಿ ಬೆಳ್ಳಗೆ ಬರಬೇಕಿತ್ತು. ಸಾಕ್ಷಿ ಮೊದಲಿನಿಂದಲೂ ನನ್ನ ಮೇಜಿನ ಮೇಲೆಯೇ ಇತ್ತು. ಅಲ್ಲೇ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ನಿಂತು ಟೀಚರಮ್ಮನಿಗೆ ಫೋನು ಮಾಡಿದೆ.

“ಟೀಚರಮ್ಮ, ನಿಮ್ಮ ಬೆಲ್ಲ ಸರಿ. ನನ್ನ ಬೆಲ್ಲ ತಪ್ಪು.” ವಿಷಯ ಹೇಳಿದೆ.

ಟೀಚರಮ್ಮ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, “ಅಂಗಾರೆ ನನ್ ತಲೆ ನೆಟ್ಟಗದೆ ಅನ್ನು,” ಎಂದರು. “ಆದ್ರೂ ಬುಡಪ್ಪ, ಇನ್ನೊಂದ್ ಕಿತ ಯಾಕ್ ಕಷ್ಟ ಬೀಳ್ತೀಯ? ಬಣ್ಣ ತಪ್ಪಾಗದೆ ಅಂತ ಯೋಳ್ಕೊಂಡ್ರಾಯ್ತು.”

ಅದು ಸುಲಭದ ದಾರಿ. ಆದರೆ ಹಾಗೆ ಹೇಳಿಕೊಂಡರೆ ಅಣ್ಣನ ಮನೆಯವರು ಕೇಳುವುದು ಬಣ್ಣದ ಸಮಜಾಯಿಷಿಯನ್ನೇ ಹೊರತು ಕ್ಲಚ್ಚಿನ ಮಾತನ್ನಲ್ಲ. ಇನ್ನೊಂದು ದಾರಿ, ಹಳದಿಯ ಮೇಲೆಯೇ ಕೆಂಗಂದು ಹೊಡೆಯುವುದು. ಆಗ ಬಣ್ಣದ ದಪ್ಪಕ್ಕೆ ಬಾಗಿಲ ಸಂದು, ಬಾನೆಟ್ಟಿನ ಗೆರೆ ಎಲ್ಲ ಮುಚ್ಚಿ, ಕಾರು ಬೆಲ್ಲದ ಪಾಕದಲ್ಲಿ ಅದ್ದಿದ ಆಟಿಕೆಯಾಗುತ್ತದೆ. ಥಿನ್ನರಿನಲ್ಲಿ ಒರೆಸಿ ತೆಗೆಯೋಣವೆಂದರೆ ಥಿನ್ನರು ಅಕ್ರಿಲಿಕ್ಕನ್ನೇ ತಿನ್ನುತ್ತದೆ, ಮೈಯೆಲ್ಲ ಕೂದಲಿನಂಥ ಬಿರುಕು ಬಿಡುತ್ತದೆ. ಉಳಿದದ್ದು ಒಂದೇ: ನೀರು ಹಾಕಿ, ವಾಟರ್ ಪೇಪರಿನಲ್ಲಿ ಕೈಯಿಂದ ಉಜ್ಜಿ ಅಷ್ಟೂ ಬಣ್ಣವನ್ನು ತೆಗೆಯುವುದು. ಎಲ್ಲಾದರೂ ಒಂದು ಕಡೆ ಹೆಚ್ಚು ಉಜ್ಜಿದರೆ ಚಿಪ್ಪು ತೂತು. ಇನ್ನೊಂದು ಚಿಪ್ಪು ಎತ್ತಲು ಅಚ್ಚಿಲ್ಲ, ಅದನ್ನು ನಾನೇ ಒಡೆದಿದ್ದೆ.

ಲ್ಯಾಬಿನ ಕೆಲಸವನ್ನು ಹಬ್ಬದ ನಂತರ ಕೊಡುತ್ತೇನೆಂದು ಡಾಕ್ಟರುಗಳಿಗೆ ಹೇಳಿ ಉಜ್ಜಲು ಕೂತೆ. ಮೊದಲು ಹೊಳಪು ಹೋಯಿತು, ಆಮೇಲೆ ಹಳದಿ ಮಸುಕಾಗಿ ಅಲ್ಲಲ್ಲಿ ಬೂದಿ ಬಣ್ಣದ ಪ್ರೈಮರ್ ಕಂಡಿತು. ಪ್ರೈಮರ್ ಕಂಡ ಕೂಡಲೇ ಆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಹಿಂದಿನ ಚಕ್ರದ ಉಬ್ಬಿನ ಮೇಲೆ ಒಮ್ಮೆ ಕೈ ತಪ್ಪಿ ಅಕ್ರಿಲಿಕ್ಕಿನ ಗುಲಾಬಿಯೇ ಕಂಡುಬಿಟ್ಟಿತು. ವಸಡಿನ ಬಣ್ಣದ ಪುಡಿಯಲ್ಲೇ ಚಿಪ್ಪು ಕಟ್ಟಿದ್ದೆನಲ್ಲ. ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದೆ. ಒಳಗಿನಿಂದ ಒಂದು ತೇಪೆ ಹಾಕಿ ಗಟ್ಟಿ ಮಾಡಿದೆ. ಸವೆದ ಗೆರೆಗಳನ್ನು ಮೇಣ ಕೆತ್ತುವ ಸೂಜಿಯಿಂದ ಮತ್ತೆ ಗೀರಿದೆ. ಬೆರಳ ತುದಿಯ ಚರ್ಮ ಸವೆದು, ಬಿಸಿ ಕಾಫಿ ಲೋಟ ಹಿಡಿಯಲಾಗದಂತಾಯಿತು.

ಗೆಜ್ಜಲಗೆರೆಯ ಪೇಂಟರು ಹೊಸ ಬೆಲ್ಲ ನೋಡಿದ ಕೂಡಲೇ ತಲೆದೂಗಿದ. “ಇಂಗ್ ಯೋಳಣ್ಣ ಮತ್ತೆ. ಇದು ಗಾಡಿ ಬಣ್ಣ.” ಈ ಸಲ ನಾನು ಹೆಚ್ಚು ತಿದ್ದಲಿಲ್ಲ.

ನಮ್ಮ ಕಡೆ ಉಗಾದಿಯ ಮರುದಿನ ಹೊಸತೊಡಕು, ಬಾಡೂಟದ ದಿನ. ಟೀಚರಮ್ಮ ಹಿಂದಿನ ದಿನವೇ ಅಣ್ಣನ ಮನೆ ಸೇರಿದ್ದರು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮದ್ದೂರಿನ ಬಸ್ಸು ಹತ್ತಿದೆ. ಕಂಡಕ್ಟರು, “ಏನಣ್ಣ ಅದು, ದೇವ್ರಾ?” ಎಂದ. “ಹಲ್ಲು,” ಎಂದೆ. ಅವನು ಮತ್ತೆ ಕೇಳಲಿಲ್ಲ.

ಮನೆ ತುಂಬ ಜನ, ಮಸಾಲೆ ಅರೆದ ವಾಸನೆ. ಎಂಬತ್ತು ದಾಟಿದ ಅಣ್ಣ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಮೊಮ್ಮಕ್ಕಳು. ಟೀಚರಮ್ಮ ಪಕ್ಕದಲ್ಲಿ. ಪೆಟ್ಟಿಗೆ ತೆರೆದು ಕಾರನ್ನು ಸ್ಟೂಲಿನ ಮೇಲೆ ಇಟ್ಟೆ. ಹಗಲ ಬೆಳಕಿನಲ್ಲಿ ಬಣ್ಣ ಆಲೆಮನೆಯಲ್ಲಿ ಕಂಡ ಹಾಗೆಯೇ ಒಳಗಿಂದ ಕೆಂಪಗೆ ಕಂಡಿತು. ಅಣ್ಣ ಬಗ್ಗಿ ನೋಡಿದರು.

“ಈಗ ಸರೋಯ್ತು. ಕೆಂಪು ಅಂತ ನಾನ್ ಅಂದಿರ್ಲಿಲ್ವಾ?”

“ಬೆಲ್ಲ ಅಂತ ನಾನಂದಿದ್ದೆ,” ಎಂದರು ಟೀಚರಮ್ಮ.

“ಎಲ್ಡೂ ಒಂದೇ ಕಣೇ.”

“ಒಂದೇ ಆಗಿದ್ರೆ ಅವತ್ಯಾಕ್ ನಗಾಡ್ದೆ?”

ಅಣ್ಣ ಮಕ್ಕಳ ಕಡೆ ತಿರುಗಿದರು. “ನೋಡ್ರುಲಾ, ಇಲ್ ಕೂತ್ಕಂಡು ನಾನ್ ಓಡುಸ್ತಿದ್ದೆ. ಈ ಪಕ್ಕದ್ ಸೀಟಲ್ಲಿ ನಿಮ್ಮಜ್ಜಿ.”

“ಬಾಗ್ಲು ತಗ್ದು ಕಾಲ್ ಕೆಳುಗ್ ನೋಡಣ್ಣ,” ಎಂದರು ಟೀಚರಮ್ಮ.

ಮೊಮ್ಮಗಳೊಬ್ಬಳು ಮೊಬೈಲಿನ ಟಾರ್ಚು ಹಿಡಿದಳು. ಅಣ್ಣ ಕನ್ನಡಕ ಸರಿಮಾಡಿಕೊಂಡು, ಉಗುರಿನ ತುದಿಯಲ್ಲಿ ಬಾಗಿಲು ತೆರೆದು ಇಣುಕಿದರು. ಬಹಳ ಹೊತ್ತು ಇಣುಕಿದರು. ಅವರು ಏನು ಹೇಳುತ್ತಾರೋ ಎಂದು ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಅಷ್ಟೂ ದಿನದ ನನ್ನ ಕೆಲಸ ಆ ಮರದ ಚೂರಿನ ಮೇಲೆ ನಿಂತಿತ್ತು. ಅದು ನನಗೆ ಗೊತ್ತಿತ್ತು.

“ಇದ್ನ ಮಾಡ್ದೋನು ನೀನಾ?” ಅಣ್ಣ ನನ್ನನ್ನು ಕೇಳಿದರು.

“ಹೌದು ಯಜಮಾನ್ರೆ.”

“ತಪ್ ಮಾಡಿದ್ದೀಯ ಕಣಯ್ಯ.”

“ಏನು ತಪ್ಪು?”

“ಬರೀ ಮರ ಮಡುಗಿದ್ದೀಯ. ಬರೀ ಮರ ಆದ್ರೆ ಕಾಲು ಜಾರಾಕಿಲ್ವಾ? ಮಳೇಲಿ ನೆಂದ್ ಕಾಲಲ್ಲಿ ತುಳುದ್ರೆ ಏನ್ ಗತಿ? ಇದುರ್ ಮ್ಯಾಲೆ ಸೈಕಲ್ ಟೂಬು ಸುತ್ತಿತ್ತು. ಮೂರ್ ಸುತ್ತು. ಹಾಸ್ಟೆಲಿಂದ ರಜುಕ್ ಬಂದಾಗ ನಾನೇ ಕೂತ್ಕಂಡು ಕುಯ್ದು, ತಂತಿ ಕಟ್ಟಿ...”

ಅಲ್ಲಿಗೆ ಮಾತು ನಿಂತಿತು. ಹೇಳಿದ್ದೇನೆಂದು ಅವರಿಗೆ ಆಗ ತಿಳಿಯಿತೆಂದು ಕಾಣುತ್ತದೆ. ಒಳಗೆ ಯಾರೋ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ನೀನಾ ಕಟ್ಟಿದ್ದು?” ಎಂದರು ಟೀಚರಮ್ಮ. “ಅಪ್ಪ ಅಂದ್ಕಂಡಿದ್ದೆ ಕಣಣ್ಣ, ಇಷ್ಟ್ ದಿನ.”

“ಅಪ್ಪುಂಗೆಲ್ಲಿತ್ತು ಪುರುಸೊತ್ತು.”

ಟಾರ್ಚು ಹಿಡಿದಿದ್ದ ಮೊಮ್ಮಗಳು ಬಿಡಲಿಲ್ಲ. “ತಾತ, ಅಜ್ಜಿ ಪಕ್ಕದ ಸೀಟಲ್ಲಿ ಅಂದ್ಯಲ್ಲ?”

ಅಣ್ಣ ಅವಳನ್ನೂ ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. ಕಾರನ್ನೇ ನೋಡುತ್ತಿದ್ದರು. “ಪಕ್ಕದಲ್ ಕೂರೋರ್ಗೆ ಕ್ಲಚ್ ಯಾಕವ್ವ,” ಎಂದರು. ಆಮೇಲೆ ಎರಡೂ ಕೈಯಲ್ಲಿ ಕಾರನ್ನೆತ್ತಿ ಟೀಚರಮ್ಮನ ಮಡಿಲಿಗೆ ಇಟ್ಟರು. “ತಗೊ. ನಿನ್ ಗಾಡಿ.”

ಟೀಚರಮ್ಮ ಅತ್ತರು. ನಾನು, ರಬ್ಬರನ್ನು ಮಂಡ್ಯದಲ್ಲಿ ಸುತ್ತಿ ತರುತ್ತೇನೆ, ಡಾಕ್ಟರ ಹತ್ತಿರ ತೆಳುವಾದ ಹಾಳೆ ಸಿಗುತ್ತದೆ, ಅಳತೆಗೆ ಸರಿಹೋಗುತ್ತದೆ ಎಂದು ಏನೇನೋ ಹೇಳಿದೆ. ಅಣ್ಣ ಕೇಳಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಳೇ ಸೈಕಲ್ ಟ್ಯೂಬನ್ನು ತರಿಸಿ, ಕತ್ತರಿಯಲ್ಲಿ ತಾವೇ ಒಂದು ಎಳೆ ಕತ್ತರಿಸಿದರು. ಅದು ತೀರಾ ದಪ್ಪ. ನಮ್ಮ ಅಳತೆಯಲ್ಲಿ ಲಾರಿ ಟೈರಿನಷ್ಟು ದಪ್ಪವೆಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಒಂದು ತುದಿಯನ್ನು ಅವರು ಒತ್ತಿ ಹಿಡಿದರು, ನಾನು ಚಿಮುಟದಲ್ಲಿ ಇನ್ನೊಂದು ತುದಿಯನ್ನು ಹಿಡಿದು ಸುತ್ತಿದೆ. ಟೀಚರಮ್ಮ ಕಾರನ್ನು ಅಲುಗದಂತೆ ಮಡಿಲಲ್ಲಿ ಹಿಡಿದುಕೊಂಡಿದ್ದರು. ಮೂರು ಸುತ್ತು ಹಿಡಿಸಲಿಲ್ಲ. ಒಂದೇ ಸುತ್ತಿಗೆ ಜಾಗ ತುಂಬಿತು.

ಅಣ್ಣ ಕಿರುಬೆರಳಿನ ಉಗುರಿನಿಂದ ಪೆಡಲನ್ನು ಒತ್ತಿ ನೋಡಿದರು.

“ಸಾಕು ಬುಡು,” ಎಂದರು. “ಇನ್ ಜಾರಾಕಿಲ್ಲ.”